ಎಡ ಜೇಬಿನ ಆದೇಶ

ಡಿಪೋ ವ್ಯವಸ್ಥಾಪಕರೇ,

ಕಂಡಕ್ಟರುಗಳ ಫೋನು ಎಡ ಜೇಬಿನಲ್ಲೇ ಇರಬೇಕೆಂಬ ನಿಮ್ಮ ಆದೇಶವನ್ನು ಹಿಂತೆಗೆದುಕೊಳ್ಳಿ. ಅದನ್ನು ಚಾಚೂ ತಪ್ಪದೆ ಪಾಲಿಸಿದವಳು ನಾನು, ನನ್ನ ಈ ಕೈಗಳಿಂದಲೇ.

ನನ್ನ ಗಂಡ ನಿಮ್ಮಲ್ಲಿ ಹನ್ನೊಂದು ವರ್ಷ ಕಂಡಕ್ಟರಾಗಿದ್ದವರು. ಅವರ ಎಡ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವಿತ್ತು. ಎದೆಬಡಿತ ಹದ ತಪ್ಪಿದರೆ ಕರೆಂಟು ಹೊಡೆಸಿ ಒದ್ದು ಎಬ್ಬಿಸುವ ಯಂತ್ರ. ಟಿಕೆಟಿಗೆಂದು ನೀವು ಕೊಟ್ಟ ಫೋನಿನ ಕವಚದಲ್ಲೋ ಅಯಸ್ಕಾಂತ, ಬಸ್ಸಿನ ಕಂಬಿಗೆ ಅಂಟಲಿ ಎಂದು. ಅದು ಹತ್ತಿರವಿದ್ದಷ್ಟು ಹೊತ್ತು ಯಂತ್ರ ಒದೆಯದೆ ಇರಬಹುದು, ಒಂದು ಗೇಣಾದರೂ ದೂರವಿಡಿ ಎಂದು ವೈದ್ಯರು ಬರೆದುಕೊಟ್ಟಿದ್ದರು. ಆ ಚೀಟಿ ನಿಮ್ಮ ಮೇಜಿಗೂ ಬಂದಿತ್ತು. ಓದಲು ಪುರುಸೊತ್ತಾಗಲಿಲ್ಲವೇನೋ, ಪಾಪ! ಬಸ್ಸು ಓಡಿಸುವಾಗ ಫೋನು ಮುಟ್ಟಬಾರದೆಂದು ಬೋರ್ಡು ಹಾಕಿಸಿ, ಓಡುವ ಬಸ್ಸಿನ ಚಾಲಕನಿಗೇ ಫೋನು ಮಾಡಿ "ಎಲ್ಲಿದ್ದೀಯಾ?" ಎಂದು ಕೇಳುವ ಕೆಲಸವೂ ನಿಮ್ಮ ಕಚೇರಿಗಿದೆಯಲ್ಲ.

ನಾನು ದರ್ಜಿ. ಅವರ ಅಂಗಿಯ ಜೇಬನ್ನು ಬಿಚ್ಚಿ ಬಲಕ್ಕೆ ಹೊಲಿದುಕೊಟ್ಟೆ. ಮೂರನೆಯ ದಿನ ನಿಮ್ಮ ತಪಾಸಣಾಧಿಕಾರಿ ಅವರನ್ನು ಎಲ್ಲರೆದುರು ನಿಲ್ಲಿಸಿ, "ಏನಯ್ಯಾ, ಹೊಸ ಫ್ಯಾಷನ್ನಾ? ನಾಳೆ ಸರಿ ಇರ್ಬೇಕು" ಎಂದರಂತೆ. ಸುತ್ತಲಿದ್ದವರೆಲ್ಲ ನಕ್ಕರಂತೆ. ಮನೆಗೆ ಬಂದವರು ಅಂಗಿ ಕಳಚಿ ನನ್ನ ಕೈಗಿಟ್ಟು, "ಎಡಕ್ಕೇ ಹಾಕ್ಬಿಡೆ. ದಿನಾ ಅನ್ನಿಸ್ಕೊಳ್ಳೋಕೆ ನನ್ ಕೈಲಾಗಲ್ಲ" ಎಂದರು. ನಾನು ಜಗಳವಾಡಬೇಕಿತ್ತು. ಆಡಲಿಲ್ಲ. ಕಿತ್ತುಬರದಿರಲೆಂದು ಎರಡೆರಡು ಹೊಲಿಗೆ ಹಾಕಿಕೊಟ್ಟೆ.

ಅದಾದ ಒಂಬತ್ತನೆಯ ದಿನ ಅವರು ಬಸ್ಸಿನ ಮೆಟ್ಟಿಲ ಮೇಲೆ ಕುಸಿದುಬಿದ್ದರು. ಮತ್ತೆ ಏಳಲಿಲ್ಲ. ಫೋನು ನಿಯಮದ ಪ್ರಕಾರ ಎಡ ಜೇಬಿನಲ್ಲೇ ಇತ್ತು.

"ಅದ್ರಿಂದ್ಲೇ ಅಂತ ಹೇಳಕ್ಕಾಗಲ್ಲಮ್ಮ. ಆದ್ರೆ ಆ ಹೊತ್ತಲ್ಲಿ ಯಂತ್ರ ಸುಮ್ನಿತ್ತು" ಎಂದರು ವೈದ್ಯರು. ಅದರಿಂದ ಅಲ್ಲ ಎಂದೂ ಹೇಳಲಿಲ್ಲ. ಈಗ ಹೊಲಿಗೆ ಮಿಷನ್ನಿನ ಮುಂದೆ ಕೂತಾಗಲೆಲ್ಲ ನನ್ನ ಗಂಡ ಪಕ್ಕದಲ್ಲಿ ಅಂಗಿ ಹಿಡಿದು ನಿಂತಿರುತ್ತಾರೆ. ತಿರುಗಿ ನೋಡಲು ನನಗೆ ಭಯ.

ಕಳೆದ ವಾರ ನಿಮ್ಮ ಕಚೇರಿಯಿಂದ ನಲವತ್ತು ಅಂಗಿಗಳ ಬಟ್ಟೆ ನನ್ನ ಅಂಗಡಿಗೆ ಬಂತು. ಅಳತೆ ಕೊಡಲು ಬಂದ ಕಂಡಕ್ಟರುಗಳಲ್ಲಿ ಒಬ್ಬರ ಅಳತೆ ತೆಗೆಯುವಾಗ, ಎಡ ಕೊರಳೆಲುಬಿನ ಕೆಳಗೆ ಟೇಪು ಒಂದು ಉಬ್ಬನ್ನು ಹತ್ತಿ ಇಳಿಯಿತು. ಅದೇ ಬೆಂಕಿಪೊಟ್ಟಣದ ಗಾತ್ರ. "ಅಕ್ಕಾ, ದಮ್ಮಯ್ಯ, ಯಾರ್ಗೂ ಹೇಳ್ಬೇಡಿ. ಕೆಲ್ಸ ಹೋಗುತ್ತೆ" ಎಂದು ಅವರು ಅಂಗಲಾಚಿದರು. ಕಾಯಿಲೆಗಿಂತ ನಿಮಗೇ ಹೆಚ್ಚು ಹೆದರುವಂತೆ ಇವರನ್ನು ಹೇಗೆ ತಯಾರು ಮಾಡಿದಿರಿ, ಸ್ವಾಮಿ?

ಅದು ಯಾರೆಂದು ನಾನು ಹೇಳುವುದಿಲ್ಲ. ಹಾಗಾಗಿ ನಲವತ್ತು ಅಂಗಿಗಳಿಗೂ ಜೇಬನ್ನು ಬಲಕ್ಕೇ ಹೊಲಿದಿದ್ದೇನೆ. ಆದೇಶದಿಂದ 'ಎಡ' ಎಂಬ ಪದವನ್ನು ಹೊಡೆದುಹಾಕಿ, ಅಂಗಿಗಳನ್ನು ತೆಗೆದುಕೊಂಡು ಹೋಗಿ. ಆಗದೆಂದರೆ ನೀವೇ ಬಂದು ನನ್ನೆದುರು ಕೂತು ನಲವತ್ತನ್ನೂ ಬಿಚ್ಚಿ, ಎಡಕ್ಕೆ ಹೊಲಿಯಿರಿ. ಅವುಗಳಲ್ಲಿ ಯಾವುದು ಆ ಒಬ್ಬರ ಅಂಗಿ ಎಂದು ನಿಮಗೆ ತಿಳಿದಿರುವುದಿಲ್ಲ.

ಇಂತಿ,
ಒಮ್ಮೆ ನಿಮ್ಮ ಮಾತು ಕೇಳಿದ ದರ್ಜಿ