ಅಪ್ಪನ ಹೆಸರಿನಲ್ಲಿ ಬಂದ ವೆಬ್‌ಸೈಟು

ಆರಾಧನಾ,

ಶೇಷಾದ್ರಿಪುರಂಗೆ ನಿನ್ನ ಸೋದರತ್ತೆಯನ್ನು ನೋಡಲು ಹೋಗುತ್ತಿದ್ದೇನೆ. ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡೇ ಊಟ ಮಾಡು.

ನಿನ್ನೆ ನೀನು ಆಫೀಸಿಗೆ ಹೋದ ಮೇಲೆ ಓಕಳಿಪುರಂನಿಂದ ಮುನಿಸ್ವಾಮಿ ಎಂಬವರು ಬಂದಿದ್ದರು. ಅಪ್ಪ ದಿನಾ ವಿಚಿತ್ರ ವೆಬ್‌ಸೈಟುಗಳನ್ನು ಹಂಚುತ್ತಿದ್ದ ವಾಟ್ಸಾಪ್ ಗುಂಪಿನವರು.

"ಸಾರ್ ಇದಾರಾಮ್ಮಾ? ಹಳೇ ಹೊಲಿಗೆ ಮೆಷಿನ್‌ಗಳ ಚಿತ್ರ ಇರೋ ವೆಬ್‌ಸೈಟು ಮೊನ್ನೆ ಕಳಿಸಿದ್ರಲ್ಲಾ, ಅದನ್ನ ನೋಡ್ಕೊಂಡೇ ನಮ್ಮಮ್ಮನ ಮೆಷಿನ್ ಸರಿ ಮಾಡ್ದೆ" ಎಂದು ಬಾಳೆಹಣ್ಣಿನ ಚೀಲ ಮುಂದೆ ಹಿಡಿದರು.

ಅಪ್ಪ ತೀರಿಹೋಗಿ ಇಪ್ಪತ್ತೆರಡು ದಿನವಾಯಿತು. ಅವರ ಫೋನು ಇರುವುದು ನಿನ್ನ ಹತ್ತಿರ. ಅವರ ಹಾಗೆಯೇ ಬರೆದು ನೀನೇ ಕಳಿಸುತ್ತಿದ್ದೀಯೆಂದು ನನಗೆ ಆಗ ಹೊಳೆಯಿತು.

ನಡೆದದ್ದನ್ನು ಹೇಳಿದೆ. ಪಾಪ, ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಇವತ್ತು ಬೆಳಿಗ್ಗೇನೂ ಒಂದು ಬಂದಿತ್ತಲ್ಲಮ್ಮಾ" ಎನ್ನುತ್ತ ಕಣ್ಣೊರೆಸಿಕೊಂಡರು.

ನಿನ್ನ ಮೇಲೆ ಕೋಪವಿಲ್ಲ ಕಣೆ. ಆದರೆ ಇವತ್ತೇ ಎಲ್ಲರಿಗೂ ತಿಳಿಸು. ಮುಂದೆ ಕಳಿಸುವುದಾದರೆ ನಿನ್ನ ಹೆಸರಿನಲ್ಲಿ ಕಳಿಸು.

ನಾನೇನು ನಿನಗಿಂತ ಗಟ್ಟಿಯಲ್ಲ. ಮುನಿಸ್ವಾಮಿಯವರು ಬಾಗಿಲಲ್ಲಿ ನಿಂತು "ಮೊನ್ನೆ ಕಳಿಸಿದ್ರಲ್ಲಾ" ಎಂದ ಕೂಡಲೇ ಒಳಗೆ ತಿರುಗಿ, "ರೀ, ನಿಮ್ಮನ್ನ ನೋಡೋಕೆ ಬಂದಿದಾರೆ" ಎಂದು ಕೂಗಿಬಿಟ್ಟಿದ್ದೆ.

ಅಮ್ಮ