ಪೇಟೆಯ ಕಟ್ಟೆಯ ಮೇಲೆ ಓದಿದ ನೋಟಿಸು

ಮಣ್ಣೂರ, ೧೨-೩-೧೯೮೪

ಭೀಮಾ ದಂಡೆಯಲ್ಲಿ ನೆರೆದ ಮಹಾಜನರೇ, ತಾಯಂದಿರೇ, ಮತ್ತು ಈ ಪತ್ರವನ್ನು ಒಬ್ಬರೇ ಕೂತು ಓದುವ ಇಂಜಿನಿಯರ್ ಸಾಹೇಬರೇ, ಶರಣು.

ನಮ್ಮ ಹೊಳೆದಂಡೆಯ ಹಳೇ ಪೇಟೆಯನ್ನು ನೀವು ಹೊಸದು ಮಾಡುತ್ತಿರುವುದು ಸಂತೋಷ. ಹೊಳೆಗಿಳಿಯುವ ಪಾವಟಿಗೆ ಗಟ್ಟಿಯಾಗಲಿ, ಅಂಗಡಿಗಳಿಗೆ ಬಣ್ಣ ಬರಲಿ. ನಡುವಿನ ಕಲ್ಲುಕಟ್ಟೆಯನ್ನು ಮಾತ್ರ ಕೆಡವಬೇಡಿ. ನಮ್ಮ ನಾಟಕಕ್ಕೆ ಬೇರೆ ರಂಗವಿಲ್ಲ.

ಇವತ್ತು ಮಧ್ಯಾಹ್ನ ನಮ್ಮ ತಾಲೀಮಿನ ನಡುವೆಯೇ ಕಟ್ಟೆ ಹತ್ತಿ, ಅದನ್ನು ಕೆಡವುವ ನಾಲ್ಕು ಪುಟದ ನೋಟಿಸು ಓದಿದಿರಿ. ಜನ ಅದೂ ನಾಟಕವೆಂದು ತಿಳಿದು "ವನ್ಸ್ ಮೋರ್" ಎಂದು ಕೂಗಿದರು. ಅವರಿಗೆ ಕೇಳಿಸಲಿಲ್ಲವೆಂದುಕೊಂಡು ನೀವು ಮತ್ತೆ ಮೊದಲಿನಿಂದ ಓದಿದಿರಿ. ಹೀಗೆ ಐದು ಸಲ.

"ಈ ಖಳನಾಯಕ ಭಾಳ ಛಲೋ ಮಾಡ್ತಾನ್ರಿ, ಎಲ್ಲಿಂದ ಹಿಡ್ಕೊಂಡು ಬಂದ್ರಿ?" ಎಂದು ಮುಂದೆ ಕೂತಿದ್ದ ತುಳಜಾಬಾಯಿ ನನ್ನನ್ನೇ ಕೇಳಿದಳು. ಇಪ್ಪತ್ತು ವರ್ಷ ದುರ್ಯೋಧನನಾಗಿ ಗುಡುಗಿದವನು ನಾನು. ನನಗೆ ಒಮ್ಮೆಯೂ ಆ ಕೂಗು ಬಂದಿಲ್ಲ.

ನೋಟಿಸು ಓದಿ ಮುಗಿಯುವ ತನಕ ಗುದ್ದಲಿ ಎತ್ತಬಾರದೆಂದು ಆಳುಗಳಿಗೆ ನೀವೇ ಹೇಳಿದ್ದಿರಿ. ಹೊತ್ತು ಮುಳುಗಿತು, ಅವರು ಮನೆಗೆ ಹೋದರು. ನಾಳೆ ಮತ್ತೆ ಓದುತ್ತೀರಂತೆ. ದಯವಿಟ್ಟು ಇವತ್ತಿನ ಅದೇ ಟೊಪ್ಪಿಗೆ ಹಾಕಿಕೊಂಡು ಬನ್ನಿ, ಜನ ಗುರುತು ಹಿಡಿಯುತ್ತಾರೆ.

ನಾಳೆ ಮುಂಜಾನೆ ನಾನು ಮುಂದಿನ ಸಾಲಿನಲ್ಲಿ ಕೂತು, ನೀವು ನಾಲ್ಕನೇ ಪುಟ ಮುಗಿಸಿದಾಗಲೆಲ್ಲ ಮೊದಲ "ವನ್ಸ್ ಮೋರ್" ಕೂಗುತ್ತೇನೆ.

ನಿಮ್ಮ ಅಭಿಮಾನಿ,
ದೌಲತರಾಯ