ಶಿಕ್ಷಣಾಧಿಕಾರಿಗಳ ಆರೋಗ್ಯಕ್ಕಾಗಿ ನಮ್ಮ ಮನೆಯ ಪ್ರಾರ್ಥನೆ

ಶಿರಸಿ, 11 ಮಾರ್ಚ್ 1999

ಮಾನ್ಯ ಶಿಕ್ಷಣಾಧಿಕಾರಿಗಳೇ,

ತಾವು ಗುಣಮುಖರಾಗಿದ್ದೀರೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಇನ್ನೂ ಆಗಿರದಿದ್ದರೆ ಮಲಗಿಕೊಂಡೇ ಓದಿ, ತಮಗೆ ಅವಸರವಿಲ್ಲ. ಅವಸರವಿರುವುದು ನನ್ನ ಮಗಳು ಲವೀನಾಳಿಗೆ. ಅವಳ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಹನ್ನೊಂದು ದಿನ ಉಳಿದಿದೆ. ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದರಿಂದ ಅವಳ ಹಾಜರಿ ನೂರಕ್ಕೆ ಎಪ್ಪತ್ತೆರಡಕ್ಕೆ ಇಳಿದಿದೆ. ಎಪ್ಪತ್ತೈದು ಇರಬೇಕಂತೆ. ಆ ಮೂರರ ಕೊರತೆಯನ್ನು ಮನ್ನಾ ಮಾಡುವ ಕಾಗದಕ್ಕೆ ತಾವು ಸಹಿ ಹಾಕಿದರೆ ಅವಳು ಪರೀಕ್ಷೆಗೆ ಕೂರುತ್ತಾಳೆ. ಹಾಕದಿದ್ದರೆ ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ ಕೂರುತ್ತಾಳೆ. ಮುಖ್ಯೋಪಾಧ್ಯಾಯಿನಿಯವರ ಶಿಫಾರಸು, ಡಾಕ್ಟರರ ಸರ್ಟಿಫಿಕೇಟು ಎರಡನ್ನೂ ಲಗತ್ತಿಸಿದ ಆ ಕಾಗದ ಜನವರಿ ಕೊನೆಯ ವಾರದಿಂದ ತಮ್ಮ ಮೇಜಿನ ಮೇಲೆ ವಿಶ್ರಾಂತಿ ಪಡೆಯುತ್ತಿದೆ.

ನಾನು ದರ್ಜಿ. ಈ ಊರಿನ ಎಷ್ಟೋ ಮಕ್ಕಳು ಶಾಲೆಗೆ ಹೋಗುವುದು ನಾನು ಹೊಲಿದ ಸಮವಸ್ತ್ರದಲ್ಲಿ. ಹಾಗಾಗಿ ಶಿಕ್ಷಣ ಇಲಾಖೆಗೂ ನನಗೂ ಒಂದು ದೂರದ ಸಂಬಂಧವಿದೆ ಎಂದು ಇಷ್ಟು ದಿನ ಭಾವಿಸಿಕೊಂಡಿದ್ದೆ.

ಜನವರಿ ಆರನೆಯ ತಾರೀಕು ನಮಗೆ ಮೂರು ರಾಯರ ಹಬ್ಬ, ಬಾಲ ಯೇಸುವನ್ನು ಕಾಣಲು ಮೂವರು ರಾಜರು ಬಂದ ದಿನ. ಆ ದಿನ ಬೆಳಿಗ್ಗೆ ಹುಡುಗಿ ಹೊಟ್ಟೆ ಹಿಡಿದುಕೊಂಡು ಕೂತಳು. ಕ್ರಿಸ್‌ಮಸ್ಸಿಗೆ ಮಾಡಿಟ್ಟ ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ, ಡಬ್ಬಿಯ ತಳದಲ್ಲಿ ನಾಲ್ಕು ಉಳಿದಿದ್ದವು, ಅದನ್ನೇ ಕದ್ದು ತಿಂದಿದ್ದಾಳೆ ಎಂದು ನನ್ನ ಹೆಂಡತಿ ಸೆವ್ರಿನಾ ಬೈದಳು. ಹಿಂದೆಯೂ ನಾಲ್ಕೈದು ಸಲ ಹೀಗೇ ನೋವೆಂದು ಶಾಲೆ ತಪ್ಪಿಸಿದ್ದಳು, ನಾವು ಗ್ಯಾಸು, ಜಂತು ಎಂದುಕೊಂಡು ಓಮದ ನೀರು ಕುಡಿಸಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಲಗೆಯಷ್ಟು ಗಟ್ಟಿಯಾಯಿತು. ಇಲ್ಲಿಯ ಡಾಕ್ಟರು ಕೈಯಿಟ್ಟು ನೋಡಿ, ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೊಳಗೆಲ್ಲ ಹರಡಿತ್ತು. "ಇನ್ನರ್ಧ ದಿನ ತಡ ಆಗಿದ್ದರೆ..." ಎಂದ ಸರ್ಜನರು ವಾಕ್ಯ ಮುಗಿಸಲಿಲ್ಲ. ಮುಗಿಸಿ ಎಂದು ನಾನೂ ಕೇಳಲಿಲ್ಲ. ಆ ಅರ್ಧ ವಾಕ್ಯ ನೆನಪಾದರೆ ನನಗೆ ಈಗಲೂ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ.

ಹದಿನಾಲ್ಕು ಹೊಲಿಗೆ. ಕಸುಬಿನವನಾದ್ದರಿಂದ ನೋಡಿದೆ, ಅಂತರ ಒಂದೇ ಸಮ ಇತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಡಾಕ್ಟರರು ಕೊಟ್ಟ ಕಟ್ಟಪ್ಪಣೆ ಹೀಗಿತ್ತು: ಭಾರ ಎತ್ತಬಾರದು, ಓಡಬಾರದು, ಕೆಮ್ಮು ಬಂದರೂ ನಗು ಬಂದರೂ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಸಮವಸ್ತ್ರದ ನೀಲಿ ತುಂಡುಗಳನ್ನು ಜೋಡಿಸಿ ನಾನೇ ಒಂದು ಸಣ್ಣ ದಿಂಬು ಹೊಲಿದುಕೊಟ್ಟೆ. ಒಬ್ಬಳೇ ಬೇಸರಪಡುತ್ತಾಳೆಂದು ಅವಳ ಮಂಚವನ್ನು ಅಂಗಡಿಯ ಕೋಣೆಗೇ ತಂದೆವು. ಅವಳು ನಿದ್ದೆ ಹೋದಾಗ ನನ್ನ ಮಿಷನ್ ನಿಲ್ಲುತ್ತಿತ್ತು, ಎದ್ದಾಗ ಓಡುತ್ತಿತ್ತು. ನನ್ನಲ್ಲಿ ಕಾಜಾ, ಗುಂಡಿ ಹಾಕುವ ಮುರಿಗೆವ್ವ ಗುಡ್ನಾಪುರದ ಕಡೆಯವಳು, ಬಾಯಿ ತೆರೆದರೆ ಎದುರಿಗಿದ್ದವರಿಗೆ ನಗು ತಡೆಯದು. ಅವಳಿಗೆ ಎರಡು ತಿಂಗಳು ಬಾಯಿ ಮುಚ್ಚಿರಲು ಆಜ್ಞೆಯಾಯಿತು. "ನಾ ಏನೂ ಮಾತಾಡಂಗಿಲ್ಲ ತಂಗಿ, ನೀ ನನ್ನ ಮಾರಿ ನೋಡಬ್ಯಾಡ, ಹೊಲಿಗಿ ಹರದೀತು" ಎಂದು ಅವಳು ಗೋಡೆಗೆ ಮುಖ ಮಾಡಿ ಕೂತು ಕೆಲಸ ಮಾಡಿದಳು. ಅದಕ್ಕೂ ಹುಡುಗಿ ನಕ್ಕಳು.

ಅಷ್ಟರಲ್ಲಿ ತಪಸ್ಸು ಕಾಲ ಬಂತು. ಈಸ್ಟರಿಗೆ ಮೊದಲಿನ ಆ ನಲವತ್ತು ದಿನ ನಮ್ಮ ಮನೆಯಲ್ಲಿ ಮಾಂಸ, ಮೀನು ಇಲ್ಲ. ಆದರೆ ರೋಗಿಗೆ ಫಾದರ್ ವಿನಾಯಿತಿ ಕೊಟ್ಟರು. ಮಗಳು ಕೋಳಿ ಸೂಪು ಕುಡಿಯುತ್ತಿದ್ದರೆ ನಾವು ಮೂವರು ಸುತ್ತ ಕೂತು ಗಂಜಿ ಉಣ್ಣುತ್ತ ಅವಳ ಬಟ್ಟಲನ್ನು ಪ್ರೀತಿಯಿಂದ ನೋಡುತ್ತಿದ್ದೆವು. ವಿನಾಯಿತಿ ಕೇಳಿದ್ದು ಬೆಳಿಗ್ಗೆ, ಸಿಕ್ಕಿದ್ದು ಅದೇ ನಿಂತ ನಿಲುವಿನಲ್ಲಿ. ಎರಡು ಸಾವಿರ ವರ್ಷ ಹಳೆಯ ಸಂಸ್ಥೆ ಇಷ್ಟು ಬೇಗ ಕೆಲಸ ಮಾಡುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಈಗ ತಮ್ಮ ಆರೋಗ್ಯದ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ತಮ್ಮ ಕಚೇರಿಗೆ ಬಂದಾಗ ಗುಮಾಸ್ತರು, "ಸಾಹೇಬ್ರು ಇಲ್ರಿ. ರಜಾದಾಗ ಅದಾರ. ಮುಂದಿನ ವಾರ ಬರ್ರಿ" ಎಂದರು. ಮನೆಗೆ ಬಂದು ಹಾಗೆಯೇ ಹೇಳಿದೆ. ನನ್ನ ತಾಯಿ ಮರ್ಸೆಲಿನ್ ಬಾಯಿಯವರಿಗೆ ಎಪ್ಪತ್ತಾರು ವರ್ಷ. "ಪಾಪ, ಎಂತ ಕಾಯಿಲೆಯಂತೆ?" ಎಂದು ಕೇಳಿದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ, ಕಚೇರಿಯ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಸಲ್ಲಿಸಿದ್ದೇನೆ. ಗೊತ್ತಿಲ್ಲ ಎಂದೆ. ಆ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಲವೀನಾಳ ಹೆಸರಿನ ಹಿಂದೆಯೇ, "ಕಾಯಿಲೆ ಬಿದ್ದಿರುವ ಶಿಕ್ಷಣಾಧಿಕಾರಿ ಸಾಹೇಬರಿಗೂ ಗುಣವಾಗಲಿ" ಎಂದು ಸೇರಿಸಿದರು.

ಮರುವಾರವೂ ತಾವು ರಜೆಯಲ್ಲೇ ಇದ್ದಿರಿ. ತಾಯಿಯವರ ಪ್ರಾರ್ಥನೆ ಉದ್ದವಾಯಿತು. ಅದರ ಮುಂದಿನ ವಾರ ಗುಮಾಸ್ತರು ದನಿ ತಗ್ಗಿಸಿ, "ಒಳಗ ಅದಾರ್ರೀ, ಆದ್ರ ಯಾರನ್ನೂ ಬಿಡಂಗಿಲ್ಲ" ಎಂದರು. ಇದನ್ನು ಕೇಳಿದ ತಾಯಿಯವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಐಸಿಯು!" ಎಂದರು. ಹುಬ್ಬಳ್ಳಿಯಲ್ಲಿ ಮೊಮ್ಮಗಳನ್ನು ಹಾಗೇ ನಾಲ್ಕು ದಿನ ಯಾರಿಗೂ ತೋರಿಸದೆ ಒಳಗಿಟ್ಟಿದ್ದರು, ಅವರಿಗೆ ಗೊತ್ತಿದ್ದದ್ದು ಅದೊಂದೇ ಬಗೆ. ಮತ್ತೊಮ್ಮೆ ತಾವು ಧಾರವಾಡಕ್ಕೆ ಮೀಟಿಂಗಿಗೆ ಹೋಗಿದ್ದಾಗ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದಾರೆಂದು ನಿರ್ಧರಿಸಿದರು. ಪಕ್ಕದ ಮನೆಯ ಪರಿಮಳಾ ಹೆಗಡೆಯವರು ಲವೀನಾಳಿಗೆ ದಿನಾ ತಂಬುಳಿ ತಂದುಕೊಡುತ್ತಿದ್ದರು, ಅವರೂ ತಮ್ಮ ಸುದ್ದಿ ಕೇಳಿ ಮರುಗಿ, "ಹೊಟ್ಟೆದೇ ಆದ್ರೆ ಅವ್ರಿಗೂ ಆನು ಒಂದೆಲಗದ ತಂಬುಳಿ ಕಳಿಸ್ತೆ" ಎಂದರು. ವಿಳಾಸ ಗೊತ್ತಿಲ್ಲದೆ ಅದು ಹಾಗೇ ಉಳಿಯಿತು.

ನಾನೇಕೆ ತಾಯಿಯವರನ್ನು ತಿದ್ದಲಿಲ್ಲ ಎಂದು ತಾವು ಕೇಳಬಹುದು. ಕೈಕಾಲು ಗಟ್ಟಿಯಿರುವ ಮನುಷ್ಯನೊಬ್ಬ, ಮಗುವೊಂದರ ಕಾಗದ ಎದುರಿಗಿದ್ದೂ, ಆರು ವಾರ ಅದನ್ನು ಎತ್ತಿ ನೋಡದೆ ಇರಬಲ್ಲ ಎಂಬುದು ಆ ವಯಸ್ಸಿನವರಿಗೆ ಹೇಗೆ ತಿಳಿಸಿ ಹೇಳುವುದು? ಕಾಯಿಲೆ ಎಂದರೆ ಅವರಿಗೆ ಅರ್ಥವಾಗುತ್ತದೆ. ಇನ್ನೊಂದು ಅವರಿಗೆ ಅರ್ಥವಾಗುವುದಿಲ್ಲ, ಸತ್ಯ ಹೇಳಬೇಕೆಂದರೆ ನನಗೂ ಆಗಿಲ್ಲ.

ವಿಷಯ ಮನೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ನಮ್ಮ ಇಗರ್ಜಿಯಲ್ಲಿ ಭಾನುವಾರದ ಪೂಜೆಯಲ್ಲಿ ರೋಗಿಗಳ ಹೆಸರು ಓದಿ ಎಲ್ಲರೂ ಪ್ರಾರ್ಥಿಸುವ ರೂಢಿಯಿದೆ. ತಾಯಿಯವರು ನನಗೆ ತಿಳಿಸದೆ ಚೀಟಿ ಕೊಟ್ಟುಬಿಟ್ಟಿದ್ದರು. ಫಾದರ್ ತಲೆಯೆತ್ತದೆ ಓದಿದರು: "ಲವೀನಾ ರೊಡ್ರಿಗಸ್, ಮತ್ತು ಶಿಕ್ಷಣಾಧಿಕಾರಿಗಳು." ಇಡೀ ಸಭೆ "ಪ್ರಭುವೇ, ನಮ್ಮ ಮೊರೆ ಕೇಳು" ಎಂದಿತು. ಅಲ್ಲಿದ್ದ ನಾಲ್ವರು ಮಾಸ್ತರುಗಳ ದನಿ ಉಳಿದವರಿಗಿಂತ ಸ್ವಲ್ಪ ಗಟ್ಟಿಯಾಗಿ ಕೇಳಿಸಿತು. ಅವರ ಕಾಗದಗಳೂ ತಮ್ಮ ಮೇಜಿನ ಮೇಲಿರಬಹುದು.

ಪ್ರಾರ್ಥನೆ ವ್ಯರ್ಥವಾಗಲಿಲ್ಲ. ಮಾರ್ಚ್ ಮೊದಲ ವಾರ ತಮ್ಮ ಕಚೇರಿಯಿಂದ ಪತ್ರ ಬಂತು. "ಸದರಿ ವಿದ್ಯಾರ್ಥಿನಿಯು ಈ ಕಚೇರಿಗೆ ಖುದ್ದಾಗಿ ಹಾಜರಾಗಿ, ತಾನು ಖುದ್ದಾಗಿ ಹಾಜರಾಗಲು ಅಸಮರ್ಥಳಾಗಿದ್ದ ಬಗ್ಗೆ ದೃಢೀಕರಿಸತಕ್ಕದ್ದು." ನಾನು ಇದನ್ನು ಎರಡು ಸಲ ಓದಿದೆ. ಮೂರನೆಯ ಸಲ ಮಗಳು ಕಿತ್ತುಕೊಂಡು ಓದಿ ದಿಂಬು ಹುಡುಕಿದಳು. ಮುರಿಗೆವ್ವ ಐದು ವಾರ ಗೋಡೆ ನೋಡಿ ಉಳಿಸಿದ ಹೊಲಿಗೆಯನ್ನು ತಮ್ಮ ಒಂದು ವಾಕ್ಯ ಹರಿಯುವುದರಲ್ಲಿತ್ತು.

ಆಜ್ಞೆಯಂತೆ ಕಳೆದ ಸೋಮವಾರ ಅವಳನ್ನು ಕರೆತಂದೆ. ರಸ್ತೆಯ ಪ್ರತಿ ಹೊಂಡದಲ್ಲೂ ಅವಳು ದಿಂಬು ಒತ್ತಿ ಹಿಡಿದು ತುಟಿ ಕಚ್ಚಿಕೊಂಡಳು. ತಮ್ಮ ಬಾಗಿಲೆದುರಿನ ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತೆವು. ಬಾಗಿಲು ತೆರೆದಿತ್ತು. ಟವೆಲ್ ಹೊದಿಸಿದ ಕುರ್ಚಿ ಕಾಣುತ್ತಿತ್ತು. ಗುಮಾಸ್ತರು, "ಊಟಕ್ಕ ಹೋಗ್ಯಾರ, ಬರ್ತಾರ" ಎಂದರು, ಆಮೇಲೆ, "ಇವತ್ತ ಬರಂಗಿಲ್ಲ ಅನಸ್ತದ" ಎಂದರು. ಹುಡುಗಿಯ ಮುಖ ಬೆಳ್ಳಗಾಗಿತ್ತು. ಆ ಕುರ್ಚಿಯನ್ನೇ ನೋಡುತ್ತ ಅವಳು ಮೆಲ್ಲಗೆ ಕೇಳಿದಳು: "ಪಪ್ಪಾ, ಇವರಿಗೆ ಹಾಜರಿ ಎಷ್ಟು ಪರ್ಸೆಂಟ್ ಬೇಕು?"

ಗುಮಾಸ್ತರು ಕೇಳಿಸದವರಂತೆ ಕಡತ ತೆಗೆದರು. ನನಗೆ ಆಗ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಬಂದಿರಲಿಲ್ಲ. ಸಾವಿನ ಬಾಗಿಲಿನಿಂದ ವಾಪಸು ಬಂದ ಹುಡುಗಿಯನ್ನು ತಮ್ಮ ಬಾಗಿಲಿನಿಂದ ವಾಪಸು ಕರೆದುಕೊಂಡು ಹೋದೆ. ಎಂಟನೆಯ ತರಗತಿಗೆಂದು ಅವಳ ಹೊಸ ಸಮವಸ್ತ್ರದ ಬಟ್ಟೆ ಕತ್ತರಿಸಿಟ್ಟಿದ್ದೇನೆ. ಬೇರೆ ಮಕ್ಕಳದೆಲ್ಲ ಹೊಲಿಯುತ್ತಿದ್ದೇನೆ, ಅದನ್ನು ಮುಟ್ಟಲು ಮನಸ್ಸು ಬರುತ್ತಿಲ್ಲ.

ನನ್ನ ಬೇಡಿಕೆ ಚಿಕ್ಕದು. ಬರುವ ಸೋಮವಾರದೊಳಗೆ ಆ ಕಾಗದಕ್ಕೆ ಸಹಿ ಹಾಕಿ, ಹಾಲ್ ಟಿಕೆಟ್ ಶಾಲೆಗೆ ತಲುಪಿಸಿ. ಮಗಳು ಮಲಗಿದ್ದಲ್ಲೇ ಪುಸ್ತಕ ಮುಗಿಸಿದ್ದಾಳೆ, ತಾವು ಬೇಕಾದರೆ ಖುದ್ದಾಗಿ ಹಾಜರಾಗಿ ಪ್ರಶ್ನೆ ಕೇಳಬಹುದು. ಜೊತೆಗೆ, ತಾವು ಆರೋಗ್ಯವಾಗಿದ್ದೀರೆಂದು ಎರಡು ಸಾಲು ಬರೆದುಕೊಡಿ. ಅದು ಬರುವ ತನಕ ನನ್ನ ತಾಯಿಯವರು ದಿನಾ ಸಂಜೆ ತಮ್ಮ ಸಲುವಾಗಿ ಮಂಡಿಯೂರುವುದನ್ನು ಬಿಡುವುದಿಲ್ಲ, ಅವರ ಮಂಡಿ ಈಗಾಗಲೇ ಊದಿದೆ.

ನಿನ್ನೆ ಸಂಜೆ ಪ್ರಾರ್ಥನೆಗೆ ಕೂತಾಗ ಲವೀನಾ ಅಜ್ಜಿಯ ಸೆರಗು ಹಿಡಿದೆಳೆದು ಹೇಳಿದಳು: "ಅಜ್ಜಿ, ನನ್ನ ಹೆಸರು ಬಿಡು, ನನಗೆ ವಾಸಿಯಾಯ್ತು. ಅವರದ್ದು ಇಟ್ಕೋ." ತಾಯಿಯವರು ಒಪ್ಪಿದರು. ನಿನ್ನೆಯಿಂದ ನಮ್ಮ ಮನೆಯ ಪ್ರಾರ್ಥನೆಯಲ್ಲಿ ರೋಗಿ ಎಂದರೆ ತಾವೊಬ್ಬರೇ.

ಇಂತಿ,
ತಮ್ಮ ಶೀಘ್ರ ಚೇತರಿಕೆಗೆ ಹನ್ನೊಂದೇ ದಿನ ಕಾಯಬಲ್ಲ,
ಕೈತಾನ್ ರೊಡ್ರಿಗಸ್, ದರ್ಜಿ
(ತಮ್ಮ ಬಾಗಿಲೆದುರಿನ ಬೆಂಚಿನಲ್ಲಿ ಇಲ್ಲಿಯವರೆಗೆ ನನ್ನ ಹಾಜರಿ: ನೂರಕ್ಕೆ ನೂರು)